ತನ್ನನ್ನೇ ಎಣಿಸಿಕೊಳ್ಳುವ ಅಂಕಿಗಳು

1, 11, 21, 1211, 111221... ಮುಂದಿನ ಸಂಖ್ಯೆ ಯಾವುದು?

ಬ್ಯಾಂಕ್ ಪರೀಕ್ಷೆಗೋ ಎಫ್‌ಡಿಎ ಪರೀಕ್ಷೆಗೋ ತಯಾರಿ ಮಾಡಿದವರ ಕೈ ಇಂಥ ಪ್ರಶ್ನೆ ಕಂಡೊಡನೆ ತಾನಾಗಿಯೇ ಓಡತೊಡಗುತ್ತದೆ. ಪಕ್ಕಪಕ್ಕದ ಸಂಖ್ಯೆಗಳನ್ನು ಕಳೆಯುವುದು, ಭಾಗಿಸುವುದು, ವರ್ಗವೋ ಘನವೋ ಎಂದು ನೋಡುವುದು. ಇಲ್ಲಿ ಯಾವುದೂ ನಡೆಯುವುದಿಲ್ಲ. 11ರಿಂದ 21ಕ್ಕೆ 10 ಹೆಚ್ಚು, 21ರಿಂದ 1211ಕ್ಕೆ 1190 ಹೆಚ್ಚು. ಈ ವ್ಯತ್ಯಾಸಗಳ ಬೆನ್ನು ಹತ್ತಿದಷ್ಟೂ ದಾರಿ ತಪ್ಪುತ್ತದೆ. ಗಣಿತ ಚೆನ್ನಾಗಿ ಬಲ್ಲವರೇ ಹೆಚ್ಚು ಹೊತ್ತು ಒದ್ದಾಡುವ ಒಗಟಿದು.

ಬಿಡಿಸಲು ಗಟ್ಟಿಯಾಗಿ ಓದಿದರೆ ಸಾಕು. ಮೊದಲ ಸಂಖ್ಯೆಯಲ್ಲಿ ಏನಿದೆ? ಒಂದು 1. ಹಾಗೆಂದು ಅಂಕಿಯಲ್ಲೇ ಬರೆದರೆ 11. ಅದರಲ್ಲಿ ಏನಿದೆ? ಎರಡು 1, ಅಂದರೆ 21. ಅದರಲ್ಲಿ ಒಂದು 2, ಒಂದು 1; ಬರೆದರೆ 1211. ಅದರಲ್ಲಿ ಒಂದು 1, ಒಂದು 2, ಎರಡು 1, ಬರೆದರೆ 111221. ಇನ್ನು ಉತ್ತರ ಬಾಯಿಗೇ ಬರುತ್ತದೆ: ಮೂರು 1, ಎರಡು 2, ಒಂದು 1. 312211.

ಅಮೆರಿಕದ ಗೂಢಲಿಪಿ ತಜ್ಞ ರಾಬರ್ಟ್ ಮಾರಿಸ್ ಇದನ್ನು ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಮುಂದಿಟ್ಟ ಪ್ರಸಂಗ, ಕಂಪ್ಯೂಟರ್ ಕಳ್ಳನೊಬ್ಬನ ಬೇಟೆಯ ಕಥೆ ಹೇಳುವ ಸ್ಟಾಲ್ ಅವರ ‘ದಿ ಕುಕೂಸ್ ಎಗ್’ (1989) ಪುಸ್ತಕದಲ್ಲಿದೆ. ಒಗಟು ಬಿಡಿಸಿಕೊಂಡವರು ಸಾಮಾನ್ಯವಾಗಿ ‘ಅಯ್ಯೋ, ಇಷ್ಟೇನಾ’ ಎಂದು ಕಾಗದ ಮಡಚಿಡುತ್ತಾರೆ. ಸ್ವಾರಸ್ಯ ಶುರುವಾಗುವುದೇ ಆಮೇಲೆ.

ಈ ಜಾತಿಯ ಸಂಖ್ಯೆಗಳಿಗೆ, ಸರಣಿಗಳಿಗೆ ಹೊರಗಿನ ಯಾವ ಸೂತ್ರವೂ ಬೇಕಿಲ್ಲ. ತಮ್ಮ ಅಂಕಿಗಳನ್ನೇ ನೋಡಿಕೊಂಡು, ತಮ್ಮ ಬಗ್ಗೆಯೇ ಮಾತಾಡುತ್ತವೆ. ಅವುಗಳಲ್ಲಿ ತೀರ ಸಾಧುವಾದ ಬಗೆಯೆಂದರೆ ಆತ್ಮಚರಿತ್ರೆಯ ಸಂಖ್ಯೆ. 2020ನ್ನು ತೆಗೆದುಕೊಳ್ಳಿ. ಮೊದಲ ಅಂಕಿ ‘ನನ್ನಲ್ಲಿ ಎಷ್ಟು ಸೊನ್ನೆ’ ಎಂದು ಹೇಳುತ್ತದೆ: 2. ಎರಡನೆಯದು ‘ಎಷ್ಟು 1’ ಎಂದು: 0. ಮೂರನೆಯದು ‘ಎಷ್ಟು 2’: 2. ನಾಲ್ಕನೆಯದು ‘ಎಷ್ಟು 3’: 0. ಎಣಿಸಿ ನೋಡಿದರೆ ನಾಲ್ಕೂ ಸರಿ. ಇಂಥವು ಒಟ್ಟು ಏಳೇ ಏಳು: 1210, 2020, 21200, 3211000, 42101000, 521001000, 6210001000. ಆರು ಅಂಕಿಯದು ಒಂದೂ ಇಲ್ಲ. ಪ್ರತಿಯೊಂದರಲ್ಲೂ ಅಂಕಿಗಳನ್ನು ಕೂಡಿದರೆ ಸಂಖ್ಯೆ ಎಷ್ಟು ಮನೆ ಉದ್ದವಿದೆಯೋ ಅಷ್ಟೇ ಬರುತ್ತದೆ. ಬರಲೇಬೇಕು, ಯಾಕೆಂದರೆ ಎಲ್ಲ ಎಣಿಕೆಗಳ ಮೊತ್ತ ಎಣಿಸಿಕೊಂಡ ಅಂಕಿಗಳ ಒಟ್ಟು ಲೆಕ್ಕವೇ. ಇಸವಿಯಾಗಿ ನೋಡಿದರೆ 1210 ಕಳೆದ ಮೇಲೆ ನಮ್ಮ ಪಾಲಿಗೆ ಬಂದದ್ದು ಕೊರೊನಾದ 2020. ಇನ್ನೊಂದಕ್ಕೆ 21200ರ ತನಕ ಕಾಯಬೇಕು.

ಸ್ವಲ್ಪ ಕೈಗೆ ಕೆಲಸ ಕೊಡುವ ಬಗೆ ಬೇಕೆಂದರೆ ಅಮೆರಿಕದ ಗಣಿತಜ್ಞ ರಫಾಯೆಲ್ ರಾಬಿನ್ಸನ್ ಕಟ್ಟಿದ, ಲೇಖಕ ಡಗ್ಲಸ್ ಹಾಫ್‌ಸ್ಟಾಟರ್ ತಮ್ಮ ಅಂಕಣದಲ್ಲಿ ಹಬ್ಬಿಸಿದ ವಾಕ್ಯವೊಂದಿದೆ. ‘ಈ ವಾಕ್ಯದಲ್ಲಿ 0 ಬರುವುದು — ಸಲ, 1 ಬರುವುದು — ಸಲ, 2 ಬರುವುದು — ಸಲ’ ಎಂದು 9ರವರೆಗೆ. ಖಾಲಿ ಜಾಗಗಳನ್ನು ಅಂಕಿಗಳಿಂದ ತುಂಬಿ ವಾಕ್ಯವನ್ನು ನಿಜ ಮಾಡಬೇಕು. ತುಂಬಿದ ಅಂಕಿಯೂ ಎಣಿಕೆಗೆ ಸೇರುತ್ತದೆ ಎಂಬುದೇ ಗೋಳು. ಒಂದು ಉಪಾಯ: ಬಾಯಿಗೆ ಬಂದದ್ದು ತುಂಬಿ, ಎಣಿಸಿ, ತಪ್ಪಿದ್ದನ್ನು ತಿದ್ದಿ, ಮತ್ತೆ ಎಣಿಸುತ್ತ ಹೋಗುವುದು. ಎಲ್ಲ ಕಡೆ 1 ಎಂದು ಹಾಕೋಣ. ಆಗ 1 ಎಂಬ ಅಂಕಿ ಹತ್ತು ಖಾಲಿ ಜಾಗಗಳಲ್ಲಿ ಹತ್ತು ಸಲ, ತನ್ನ ಹೆಸರಿನಲ್ಲಿ ಒಂದು ಸಲ, ಒಟ್ಟು 11. ಅಲ್ಲಿ 11 ಎಂದು ತಿದ್ದಿದೊಡನೆ ಇನ್ನೊಂದು 1 ಹೆಚ್ಚಾಗಿ 12 ಆಗುತ್ತದೆ. 12 ಎಂದು ತಿದ್ದಿದರೆ ಒಂದು 1 ಹೋಗಿ 2 ಬಂತು. ಈಗ 1 ಇರುವುದು 11 ಸಲ, 2 ಇರುವುದು 2 ಸಲ. ಎರಡನ್ನೂ ತಿದ್ದಿ ಎಣಿಸಿ ನೋಡಿ. ವಾಕ್ಯ ನಿಂತಿತು: 1ಕ್ಕೆ 11, 2ಕ್ಕೆ 2, ಉಳಿದ ಎಲ್ಲಕ್ಕೂ 1. ಇದಲ್ಲದೆ ಇನ್ನೊಂದೇ ಒಂದು ಉತ್ತರವಿದೆ. 0ಯಿಂದ ಶುರುಮಾಡಿ ಕ್ರಮವಾಗಿ 1, 7, 3, 2, 1, 1, 1, 2, 1, 1.

ಅಂಕಿ ಬಿಟ್ಟು ಅಕ್ಷರಕ್ಕೆ ಬಂದರೂ ಈ ಆಟ ಆಡಬಹುದು. ಯಾವುದಾದರೂ ಸಂಖ್ಯೆಯ ಹೆಸರನ್ನು ಕನ್ನಡದಲ್ಲಿ ಬರೆದು, ಛಂದಸ್ಸಿನಲ್ಲಿ ಎಣಿಸುವ ಹಾಗೆ ಒತ್ತಕ್ಷರವನ್ನೂ ಸೇರಿಸಿ ಒಂದೇ ಎಂದು ಹಿಡಿದು ಅಕ್ಷರ ಎಣಿಸಿ. ಹದಿನೇಳು: ನಾಲ್ಕು ಅಕ್ಷರ. ನಾಲ್ಕು: ಎರಡು ಅಕ್ಷರ. ಎರಡು: ಮೂರು ಅಕ್ಷರ. ಮೂರು: ಎರಡು ಅಕ್ಷರ. ಎಲ್ಲಿಂದ ಹೊರಟರೂ ಕೊನೆಗೆ ಎರಡಕ್ಕೂ ಮೂರಕ್ಕೂ ನಡುವೆ ಓಡಾಡಿಕೊಂಡಿರಬೇಕಾದದ್ದೇ. ಇಂಗ್ಲಿಷಿನಲ್ಲಿ ಹೀಗೆ ಮಾಡಿದರೆ ಎಲ್ಲ ದಾರಿಯೂ ನಾಲ್ಕಕ್ಕೆ ಬಂದು ನಿಲ್ಲುತ್ತದೆ, ಅಲ್ಲಿ ‘ಫೋರ್’ ಬರೆಯಲು ಬೇಕಾಗುವುದು ನಾಲ್ಕೇ ಅಕ್ಷರ. ಕನ್ನಡದಲ್ಲಿ ತನ್ನ ಹೆಸರಿನ ಅಳತೆಗೆ ತಾನೇ ಸರಿಹೊಂದುವ ಸಂಖ್ಯೆ ಒಂದೂ ಇಲ್ಲ.

ಇದೆಲ್ಲ ಗಣಿತವೇ ಎಂದು ಮೂಗು ಮುರಿಯುವವರು ಇದ್ದಾರೆ, ಅವರಲ್ಲಿ ದೊಡ್ಡವರೂ ಇದ್ದಾರೆ. ರಾಮಾನುಜನ್‌ರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿ 1940ರಲ್ಲಿ ಬರೆದ ‘ಎ ಮ್ಯಾಥಮೆಟೀಶಿಯನ್ಸ್ ಅಪಾಲಜಿ’ಯಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ತಿರುಗಿಸಿ ಬರೆದ ತಮ್ಮದೇ ರೂಪದ ಅಪವರ್ತ್ಯವಾಗುವ ನಾಲ್ಕಂಕಿಯ ಸಂಖ್ಯೆಗಳು ಎರಡೇ: 8712 ಎಂದರೆ 2178ರ ನಾಲ್ಕರಷ್ಟು, 9801 ಎಂದರೆ 1089ರ ಒಂಬತ್ತರಷ್ಟು. ಇವೆಲ್ಲ ಪತ್ರಿಕೆಗಳ ಒಗಟಿನ ಅಂಕಣಕ್ಕೆ ಸರಿ, ಗಣಿತಜ್ಞನಿಗೆ ಇದರಲ್ಲಿ ಏನೂ ಇಲ್ಲ ಎಂಬುದು ಅವರ ತೀರ್ಪು. ಪತ್ರಿಕೆಯ ಪುರವಣಿಗೇ ಬರೆಯುತ್ತಿರುವವನಿಗೆ ಈ ಮಾತು ಸ್ವಲ್ಪ ಚುಚ್ಚುವುದು ಸಹಜ. ಆದರೆ ಹಾರ್ಡಿಯ ತಕರಾರಿನಲ್ಲಿ ಹುರುಳಿದೆ. 8712 ಎಂಬುದು ನಾವು ಹತ್ತರ ಪದ್ಧತಿಯಲ್ಲಿ ಬರೆಯುವುದರಿಂದ ಹುಟ್ಟಿದ ಆಕಸ್ಮಿಕ. ನಮ್ಮ ಕೈಗೆ ಹತ್ತು ಬೆರಳಿರದೆ ಎಂಟಿದ್ದಿದ್ದರೆ ಈ ಚಮತ್ಕಾರ ಇರುತ್ತಿರಲಿಲ್ಲ, ಬೇರೊಂದು ಇರುತ್ತಿತ್ತು.

ಇದೇ ತಾತ್ಸಾರ ನಮ್ಮ ದೇಶದಲ್ಲಿ ಹೆಚ್ಚು ಕಾಡಿದ್ದು ಡಿ. ಆರ್. ಕಾಪ್ರೇಕರ್ (1905–1986) ಅವರನ್ನು. ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದುಕೊಂಡು ಬದುಕಿಡೀ ಅಂಕಿಗಳ ಜೊತೆ ಆಡಿದವರು. ಒಂದು ಸಂಖ್ಯೆಗೆ ಅದರ ಅಂಕಿಗಳ ಮೊತ್ತ ಕೂಡಿದರೆ ಇನ್ನೊಂದು ಹುಟ್ಟುತ್ತದೆ: 15ಕ್ಕೆ 1 ಮತ್ತು 5 ಸೇರಿಸಿದರೆ 21. ಹಾಗೆ ಯಾರಿಂದಲೂ ಹುಟ್ಟದ ಸಂಖ್ಯೆಗಳು ಇವೆಯೇ ಎಂದು ಅವರು ಕೇಳಿದರು. ಇವೆ. 1, 3, 5, 7, 9, 20, 31, 42, 53... ಸ್ವಯಂಭೂಗಳು. ಇವಕ್ಕೆ ‘ದೇವಳಾಲಿ ಸಂಖ್ಯೆ’ ಎಂಬ ಹೆಸರೂ ಇದೆ. ದೇಶದ ವಿದ್ವಾಂಸರು ಕಾಪ್ರೇಕರರನ್ನು ಬಹುಮಟ್ಟಿಗೆ ಬದಿಗಿಟ್ಟರು. 1975ರಲ್ಲಿ ಅಂಕಣಕಾರ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಅವರ ಬಗ್ಗೆ ಬರೆದ ಮೇಲಷ್ಟೇ ಹೆಸರು ಹೊರಬಿದ್ದದ್ದು.

ಹಾರ್ಡಿಯ ತಕರಾರಿಗೆ ಸರಿಯಾದ ಉತ್ತರ ಬಂದದ್ದು ಮಾತ್ರ ಹಾರ್ಡಿಯ ಕೇಂಬ್ರಿಡ್ಜ್‌ನಿಂದಲೇ, ನಾವು ಮೊದಲು ಕಂಡ 1, 11, 21ರ ಮೂಲಕ. ಉತ್ತರ ಕೊಟ್ಟವರು ಜಾನ್ ಹಾರ್ಟನ್ ಕಾನ್ವೇ. ‘ಗೇಮ್ ಆಫ್ ಲೈಫ್’ ಆಟದಿಂದ ಲೋಕಕ್ಕೆಲ್ಲ ಗೊತ್ತಾದ ಇವರಿಗೂ ವಿದ್ಯಾರ್ಥಿಯೊಬ್ಬರು ಒಗಟು ಒಡ್ಡಿದಾಗ ಉತ್ತರ ಹೊಳೆಯಲಿಲ್ಲವಂತೆ. ಹಾಗೆಂದು ಅವರೇ ಹೇಳಿಕೊಂಡಿದ್ದಾರೆ. ಉತ್ತರ ತಿಳಿದ ಮೇಲೆ ಅವರು ಕಾಗದ ಮಡಚಿಡಲಿಲ್ಲ. ಕೇಂಬ್ರಿಡ್ಜ್ ವಿದ್ಯಾರ್ಥಿಗಳ ಗಣಿತ ಪತ್ರಿಕೆ ‘ಯುರೇಕಾ’ದಲ್ಲಿ 1986ರಲ್ಲಿ ಅವರ ಲೇಖನ ಬಂತು. ಗಟ್ಟಿಯಾಗಿ ಓದುತ್ತ ಓದುತ್ತ ಸಂಖ್ಯೆ ಒಡೆಯುವುದನ್ನು ‘ರೇಡಿಯೋಆಕ್ಟಿವ್’ ವಿಕಿರಣಕ್ಕೆ ತಳಕು ಹಾಕಿ ‘ಆಡಿಯೋಆಕ್ಟಿವ್’ ಎಂದು ಅವರು ಕರೆದರು.

ಮೊದಲ ಸಂಗತಿ: ಈ ಸರಣಿಯಲ್ಲಿ 4 ಎಂಬ ಅಂಕಿ ಎಂದೆಂದಿಗೂ ಬರುವುದಿಲ್ಲ. ಕಾರಣ ಸರಳ. 4 ಬರಬೇಕಾದರೆ ಹಿಂದಿನ ಸಾಲಿನಲ್ಲಿ ಒಂದೇ ಅಂಕಿ ನಾಲ್ಕು ಸಲ ಒತ್ತಟ್ಟಿಗೆ ಇರಬೇಕು, 1111 ಎಂದುಕೊಳ್ಳಿ. ಪ್ರತಿ ಸಾಲೂ ಜೋಡಿಗಳಿಂದ ಆದದ್ದು: ಮೊದಲನೆಯದು ಎಣಿಕೆ, ಎರಡನೆಯದು ಎಣಿಸಿಕೊಂಡ ಅಂಕಿ. 1111ನ್ನು ಎರಡು ಜೋಡಿಯಾಗಿ ಮುರಿದರೆ ‘ಒಂದು 1, ಆಮೇಲೆ ಒಂದು 1’ ಎಂದಾಗುತ್ತದೆ. ಅಕ್ಕಪಕ್ಕದ ಎರಡು ಒಂದನ್ನು ಯಾರೂ ಹಾಗೆ ಓದುವುದಿಲ್ಲ, ‘ಎರಡು 1’ ಎನ್ನುತ್ತಾರೆ. ಒಂದು ಮನೆ ಸರಿಸಿ ಮುರಿದರೂ ‘ಇಷ್ಟು 1, ಆಮೇಲೆ ಒಂದು 1’ ಎಂಬ ಅದೇ ತಪ್ಪು ಬರುತ್ತದೆ. ಹಾಗಾಗಿ ಸಾಲು ಕೋಟಿ ಅಂಕಿಯಷ್ಟು ಉದ್ದವಾದರೂ ಅದರಲ್ಲಿರುವುದು 1, 2, 3 ಮಾತ್ರ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಅಂಕಿಗಳಿರುವ ಯಾವ ಪದ್ಧತಿಯಲ್ಲಿ ಬರೆದರೂ ಸರಣಿ ಇದೇ. ಹತ್ತು ಬೆರಳಿನ ಆಕಸ್ಮಿಕ ಇಲ್ಲಿ ತೊಳೆದುಹೋಯಿತು.

ಎರಡನೆಯದು, ಸಾಲುಗಳು ತುಂಡಾಗುವ ಬಗೆ. ಎಂಟನೆಯ ಸಾಲು 1113213211. ಇದನ್ನು 11132 ಮತ್ತು 13211 ಎಂದು ನಡುವೆ ಕತ್ತರಿಸಿ, ಎರಡನ್ನೂ ಬೇರೆಬೇರೆಯಾಗಿ ಓದಿ. ಮೊದಲನೆಯದು 311312, ಎರಡನೆಯದು 11131221. ಅಂಟಿಸಿದರೆ 31131211131221, ಒಂಬತ್ತನೆಯ ಸಾಲು ಅದೇ. ಈ ಎರಡು ತುಂಡುಗಳು ಇನ್ನು ಮುಂದೆ ಒಂದರ ಮೇಲೊಂದು ಯಾವ ಪ್ರಭಾವವನ್ನೂ ಬೀರುವುದಿಲ್ಲ. ಯಾಕೆಂದರೆ ಯಾವುದೇ ಸಾಲನ್ನು ಓದಿ ಬರೆದಾಗ ಕೊನೆಯ ಅಂಕಿ ಬದಲಾಗುವುದೇ ಇಲ್ಲ, ಎಡತುಂಡು ಎಂದಿಗೂ 2ರಲ್ಲೇ ಮುಗಿಯುತ್ತದೆ. ಬಲತುಂಡು ಶುರುವಾಗುವುದು 1ರಿಂದ ಅಥವಾ 3ರಿಂದ, 2ರಿಂದ ಎಂದೂ ಅಲ್ಲ. ಗಡಿಯಲ್ಲಿ ಒಂದೇ ಅಂಕಿ ಎರಡೂ ಕಡೆ ಸೇರಿ ಕಲಸಿಹೋಗುವ ಪ್ರಶ್ನೆಯೇ ಇಲ್ಲ.

ಹೀಗೆ ಒಡೆಯುತ್ತ ಹೋದರೆ ಇನ್ನು ಒಡೆಯಲಾಗದ ತುಂಡುಗಳು ಸಿಗುತ್ತವೆ. ಅವುಗಳನ್ನು ಕಾನ್ವೇ ಧಾತುಗಳು ಎಂದರು. ಎಣಿಸಿದರೆ 92. ಹೈಡ್ರೋಜನ್‌ನಿಂದ ಯುರೇನಿಯಂವರೆಗಿನ ಧಾತುಗಳೂ 92 ಎಂಬ ಕಾಕತಾಳೀಯವನ್ನು ಅವರು ಬಿಡುತ್ತಾರೆಯೇ? ಎಲ್ಲಕ್ಕೂ ಅವೇ ಹೆಸರಿಟ್ಟರು. ಬರೀ 3 ಎಂಬುದು ಯುರೇನಿಯಂ. ಅದನ್ನು ಓದಿದರೆ 13, ಅದು ಪ್ರೊಟಾಕ್ಟಿನಿಯಂ. ಅದರಿಂದ 1113, ಥೋರಿಯಂ. ಅದರಿಂದ 3113, ಆಕ್ಟಿನಿಯಂ. ಆಮೇಲೆ 132113, ರೇಡಿಯಂ. ಆವರ್ತಕ ಕೋಷ್ಟಕದಲ್ಲಿ ಹಿಂದೆ ಹಿಂದೆ ಇಳಿಯುತ್ತ ಕೊನೆಗೆ ಮುಟ್ಟುವ ಹೈಡ್ರೋಜನ್ ಅಂದರೆ 22. ಅದನ್ನು ಓದಿ ನೋಡಿ: ಎರಡು 2. ಎಷ್ಟು ಸಲ ಓದಿದರೂ 22. ಸಾಲುಗಳು ಉದ್ದವಾದಂತೆ ಪ್ರತಿ ಧಾತುವಿನ ಪಾಲು ಒಂದು ನಿಗದಿತ ಪ್ರಮಾಣಕ್ಕೆ ಬಂದು ನಿಲ್ಲುತ್ತದೆ. ಅತಿ ಹೆಚ್ಚು ಇರುವುದು ಇಲ್ಲೂ ಹೈಡ್ರೋಜನ್ನೇ, ನೂರಕ್ಕೆ 9ಕ್ಕಿಂತ ತುಸು ಹೆಚ್ಚು.

ಕಾನ್ವೇಯ ಮುಖ್ಯ ಪ್ರಮೇಯ ಇನ್ನೂ ದಿಟ್ಟ. ನೀವು 1ರಿಂದಲೇ ಶುರುಮಾಡಬೇಕಿಲ್ಲ. ನಿಮ್ಮ ಮೊಬೈಲ್ ನಂಬರ್ ಬರೆದುಕೊಂಡು ಓದತೊಡಗಿ. ಹೆಚ್ಚೆಂದರೆ 24 ಹೆಜ್ಜೆಯೊಳಗೆ ಅದು ಈ 92 ಧಾತುಗಳ ಸರವಾಗಿ ಬಿಡುತ್ತದೆ. ಮೂಲದಲ್ಲಿ 4 ಅಥವಾ ಅದಕ್ಕಿಂತ ದೊಡ್ಡ ಅಂಕಿಗಳಿದ್ದರೆ ಅವಕ್ಕೆಂದೇ ಎರಡು ಬಗೆಯ ಹೆಚ್ಚುವರಿ ತುಂಡುಗಳು, ನೆಪ್ಚೂನಿಯಂ ಮತ್ತು ಪ್ಲುಟೋನಿಯಂ, ಜೊತೆಗಿರುತ್ತವೆ. ಇದನ್ನವರು ‘ವಿಶ್ವಸೃಷ್ಟಿಯ ಪ್ರಮೇಯ’ ಎಂಬ ಧಾಟಿಯ ಗತ್ತಿನ ಹೆಸರಿನಿಂದ ಕರೆದರು. ಸಾಧನೆ ಮಾತ್ರ ಕಳೆದುಹೋಯಿತು! ರಿಚರ್ಡ್ ಪಾರ್ಕರ್ ಜೊತೆ ಸೇರಿ ಕಾನ್ವೇ ಮಾಡಿದ್ದು ಒಂದು, ಮೈಕ್ ಗೈ ಮಾಡಿದ್ದು ಇನ್ನೊಂದು, ಎರಡೂ ಸಿಗಲಿಲ್ಲ. 1997ರಲ್ಲಿ ಗಣಿತಜ್ಞ ಡೋರಾನ್ ಝೈಲ್‌ಬರ್ಗರ್ ಕಂಪ್ಯೂಟರಿನ ನೆರವಿನಿಂದ ಮತ್ತೆ ಸಾಧಿಸಿದರು. ಆ ಪ್ರಬಂಧಕ್ಕೆ ಶಲೋಶ್ ಬಿ. ಎಖಾದ್ ಎಂಬ ಸಹಲೇಖಕರಿದ್ದಾರೆ. ಅವರು ಝೈಲ್‌ಬರ್ಗರರ ಕಂಪ್ಯೂಟರ್. ಹಳೆಯ ‘3ಬಿ1’ ಯಂತ್ರದ ಹೆಸರಿನ ಮೂರನ್ನೂ ಒಂದನ್ನೂ ಹೀಬ್ರೂನಲ್ಲಿ ಹೇಳಿದರೆ ಶಲೋಶ್, ಎಖಾದ್.

ಇನ್ನು ಬೆಳವಣಿಗೆ. ಹತ್ತನೆಯ ಸಾಲಿನಲ್ಲಿ 20 ಅಂಕಿ, ಮುಂದಿನದರಲ್ಲಿ 26, ಅದರ ಮುಂದೆ 34. ಪ್ರತಿ ಸಾಲೂ ಹಿಂದಿನದರ ಸುಮಾರು 1.303577ರಷ್ಟಾಗುತ್ತ ಹೋಗುತ್ತದೆ. ನೀವು ಏನು ಬರೆದು ಶುರುಮಾಡಿದರೂ ಇದೇ ಅನುಪಾತ, 22 ಒಂದನ್ನು ಬಿಟ್ಟು. ಈ ಸಂಖ್ಯೆ ಎಲ್ಲಿಂದ ಬಂತು ಎಂದರೆ 71ನೆಯ ಘಾತದ ಒಂದು ಸಮೀಕರಣದಿಂದ. ಪ್ರೌಢಶಾಲೆಯಲ್ಲಿ ನಾವು ಒದ್ದಾಡುವುದು ಎರಡನೆಯ ಘಾತದ ವರ್ಗಸಮೀಕರಣಕ್ಕೆ. ಮಗುವೂ ಓದಬಲ್ಲ ಆಟದೊಳಗೆ 71ನೆಯ ಘಾತ ಅಡಗಿ ಕೂತಿತ್ತು ಎಂಬುದನ್ನು ಹಾರ್ಡಿ ಕಂಡಿದ್ದರೆ ಒಗಟಿನ ಅಂಕಣಗಳ ಬಗ್ಗೆ ತುಸು ಮೆತ್ತಗಾಗುತ್ತಿದ್ದರೇನೋ. ಕಾನ್ವೇ 2020ರ ಏಪ್ರಿಲ್ 11ರಂದು ಕೊರೊನಾದಿಂದ ತೀರಿಕೊಂಡರು.

ತನ್ನನ್ನು ತಾನೇ ವಿವರಿಸಿಕೊಳ್ಳುವ ಎಲ್ಲ ಸರಣಿಗಳೂ ಹೀಗೆ ಗುಟ್ಟು ಬಿಟ್ಟುಕೊಡುವುದಿಲ್ಲ. ಗಣಿತಜ್ಞ ಸಾಲೊಮನ್ ಗೊಲೊಂಬ್ ಅವರ ಸರಣಿ ಸಜ್ಜನ: 1, 2, 2, 3, 3, 4, 4, 4, 5, 5, 5... ಅದರ ಮೂರನೆಯ ಪದ ನೋಡಿದರೆ ಸರಣಿಯಲ್ಲಿ 3 ಎಷ್ಟು ಸಲ ಬರುತ್ತದೆಂದು ತಿಳಿಯುತ್ತದೆ, ನಾಲ್ಕನೆಯದರಿಂದ 4 ಎಷ್ಟು ಸಲವೆಂದು. ಅದು ಬೆಳೆಯುವ ವೇಗಕ್ಕೆ ಸುವರ್ಣ ಅನುಪಾತದ ಚೊಕ್ಕ ಸೂತ್ರವೊಂದಿದೆ. ಕೊಲಕೋಸ್ಕಿ ಸರಣಿ ಹಾಗಲ್ಲ. 1, 2, 2, 1, 1, 2, 1, 2, 2, 1, 2, 2... ಒಂದೇ ಅಂಕಿ ಒತ್ತಟ್ಟಿಗೆ ಎಷ್ಟು ಸಲ ಬಂದಿದೆ ಎಂದು ಗುಂಪುಗುಂಪಾಗಿ ಬರೆದುಕೊಳ್ಳಿ: 1 ಒಂದು ಸಲ, 2 ಎರಡು ಸಲ, 1 ಎರಡು ಸಲ, 2 ಒಂದು ಸಲ, 1 ಒಂದು ಸಲ. ಎಣಿಕೆಗಳನ್ನಷ್ಟೇ ಓದಿದರೆ 1, 2, 2, 1, 1. ಮತ್ತೆ ಅದೇ ಸರಣಿ! ವಿಲಿಯಂ ಕೊಲಕೋಸ್ಕಿ 1965ರಲ್ಲಿ ಇದನ್ನು ಪ್ರಶ್ನೆಯಾಗಿ ಮುಂದಿಟ್ಟರು, ರೂಫಸ್ ಓಲ್ಡನ್‌ಬರ್ಗರ್ 1939ರಲ್ಲೇ ಇದನ್ನು ಕಂಡಿದ್ದರು. ಇದರಲ್ಲಿ ಅರ್ಧ 1, ಅರ್ಧ 2 ಇವೆಯೇ? ನೋಡಿದರೆ ಹಾಗೇ ಕಾಣುತ್ತದೆ. 1ರ ಪಾಲು ದೂರ ಹೋದಂತೆ ನೂರಕ್ಕೆ 49.916 ಮತ್ತು 50.084ರ ನಡುವೆಯೇ ಇರಬೇಕೆಂದು ವಾಶೆಕ್ ಖ್ವಾಟಾಲ್ ತೋರಿಸಿದ್ದಾರೆ. ಸರಿಯಾಗಿ ಅರ್ಧವೇ ಎಂದು ಸಾಧಿಸಲು ಈವರೆಗೆ ಯಾರಿಗೂ ಆಗಿಲ್ಲ. ಎರಡೇ ಅಂಕಿ, ಒಂದೇ ನಿಯಮ.

ಬೆಲ್ಜಿಯಂನ ಎರಿಕ್ ಏಂಜೆಲಿನಿಯಂಥವರು ಇಂಥ ಸರಣಿಗಳನ್ನು ನೂರಾರು ಕಟ್ಟಿದ್ದಾರೆ. ಆ ಧಾಟಿಯದ್ದೊಂದನ್ನು ನಾವೇ ಕಟ್ಟೋಣ. ನಿಯಮ: ಏರುತ್ತ ಹೋಗುವ ಸರಣಿ, ಸಂಖ್ಯೆಗಳನ್ನು ಸಾಲಾಗಿ ಅಂಕಿ ಅಂಕಿಯಾಗಿ ಬರೆದಾಗ 1 ಎಂಬ ಅಂಕಿ ಎಷ್ಟನೆಯ ಜಾಗಗಳಲ್ಲಿದೆ ಎಂದು ಆ ಸಂಖ್ಯೆಗಳೇ ಹೇಳಬೇಕು. ಪ್ರತಿ ಸಲವೂ ಸಾಧ್ಯವಿರುವ ಅತಿ ಚಿಕ್ಕದನ್ನೇ ಇಡಬೇಕು. ಮೊದಲು 1, ಒಂದನೆಯ ಜಾಗದಲ್ಲಿ 1 ಇದೆ, ನಿಜ. ಮುಂದೆ 2 ಇಟ್ಟರೆ ‘ಎರಡನೆಯ ಜಾಗದಲ್ಲಿ 1 ಇದೆ’ ಎಂದು ಸುಳ್ಳಾಗುತ್ತದೆ, ಅಲ್ಲಿರುವುದು ಆ 2 ತಾನೇ. ಹಾಗಾಗಿ 3. ಇದು ಕೊಟ್ಟ ಮಾತು, ಸಾಲದ ಹಾಗೆ: ಮೂರನೆಯ ಜಾಗದಲ್ಲಿ 1 ಬರಲೇಬೇಕು. ಆದ್ದರಿಂದ ಮುಂದೆ 10. ಹಳೆಯ ಸಾಲ ತೀರಿತು, ಹತ್ತನೆಯ ಜಾಗದ ಹೊಸದು ಹುಟ್ಟಿತು. ಐದನೆಯ ಜಾಗದಲ್ಲಿ 1 ಬರುವಂತಿಲ್ಲ, ಹಾಗಾಗಿ 20. ಎಂಟನೆಯ ಜಾಗದಲ್ಲೂ ಬರುವಂತಿಲ್ಲ, 21 ಬಿಟ್ಟು 22. ಈಗ ಒಂಬತ್ತು, ಹತ್ತನೆಯ ಜಾಗಗಳು. ಹತ್ತರಲ್ಲಿ 1 ಬೇಕು, 31. ಆಮೇಲೆ 32, 33, 34, 35. ಇಪ್ಪತ್ತನೆಯ ಜಾಗದ ಸಾಲ ತೀರಿಸಲು 41, ಇಪ್ಪತ್ತೆರಡಕ್ಕೆ 51. ನಿರಾಳವಾಗಿ 52, 53, 54, 55. ಅಷ್ಟರಲ್ಲಿ ಮೂವತ್ತನೆಯ ಜಾಗ ಮುಗಿದಿರುತ್ತದೆ, ಹಿಂದೆ ಧಾರಾಳವಾಗಿ ಇಟ್ಟ 31, 32, 33, 34, 35 ಐದೂ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ಐದು ಜಾಗಗಳಲ್ಲಿ ಸತತ 1 ಬೇಕು, ಮೂವತ್ತಾರರಲ್ಲಿ ಬೇಡ. ಎರಡಂಕಿಯ ಸಂಖ್ಯೆಗಳಲ್ಲಿ 1ರಿಂದ ಶುರುವಾಗುವವೆಲ್ಲ ಹಿಂದೆಯೇ ಮುಗಿದುಹೋಗಿವೆ. ನೆಗೆಯಲೇಬೇಕು: 111, 112. ಸರಿಹೋಯಿತು. ಮುಂದೆ 200, 210. ಪೆನ್ಸಿಲ್ ಇದ್ದರೆ ಮುಂದುವರಿಸಬಹುದು. 111 ಎಂದು ಬರೆದದ್ದಕ್ಕೆ ನೂರಹನ್ನೊಂದನೆಯ ಜಾಗದಲ್ಲಿ ಜವಾಬು ಕೊಡಬೇಕು ಎಂಬುದು ನೆನಪಿರಲಿ.

ಇಂಥ ಸಕಲ ಸರಣಿಗಳ ಖಾತೆಯೊಂದಿದೆ. ನೀಲ್ ಸ್ಲೋನ್ 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಸಂಗ್ರಹಿಸಲು ತೊಡಗಿದ್ದು, 1973ರಲ್ಲಿ 2372 ಸರಣಿಗಳ ಪುಸ್ತಕವಾಯಿತು, 1996ರಲ್ಲಿ ಅಂತರ್ಜಾಲಕ್ಕೆ ಬಂತು, ಈಗ ಮೂರೂವರೆ ಲಕ್ಷಕ್ಕೂ ಮಿಕ್ಕಿದೆ. ಪ್ರತಿ ಸರಣಿಗೂ ‘ಎ’ ಅಕ್ಷರದ ಮುಂದೆ ಒಂದು ನಂಬರ್. ಕೊಲಕೋಸ್ಕಿಯದು ಎ000002, ನಮ್ಮ 1, 11, 21ರದು ಎ005150. ಇಷ್ಟು ದೊಡ್ಡ ಖಾತೆ ತನ್ನನ್ನೇ ನೋಡಿಕೊಳ್ಳದೆ ಇರುತ್ತದೆಯೇ? ಎ053169 ಎಂಬ ಸರಣಿಯ ನಿಯಮ ಇದು: ಯಾವ ಸಂಖ್ಯೆ ತನ್ನದೇ ನಂಬರಿನ ಸರಣಿಯಲ್ಲಿ ಇಲ್ಲವೋ ಅದು ಇಲ್ಲಿ ಸೇರಬೇಕು. ಹಾಗಾದರೆ 53169ನ್ನು ಏನು ಮಾಡುವುದು? ಸೇರಿಸಿದರೆ ಅದು ತನ್ನ ನಂಬರಿನ ಸರಣಿಯಲ್ಲಿ ಇದ್ದಂತಾಯಿತು, ಇರಬಾರದು. ಬಿಟ್ಟರೆ ಇಲ್ಲದಂತಾಯಿತು, ಸೇರಿಸಬೇಕು. ಇದರ ಜೊತೆಗಾರ ಎ053873; ತನ್ನ ನಂಬರಿನ ಸರಣಿಯಲ್ಲಿ ಇರುವ ಸಂಖ್ಯೆಗಳಿಗೆ ಮೀಸಲು. ಇಲ್ಲಿ 53873ರ ಪಾಡು ತದ್ವಿರುದ್ಧ. ಸೇರಿಸಿದರೂ ನಿಯಮ ಸರಿ, ಬಿಟ್ಟರೂ ಸರಿ. ಯಾವುದು ನಿಜ ಎಂದು ತೀರ್ಮಾನಿಸಲು ಲೆಕ್ಕದೊಳಗೆ ಏನೂ ಇಲ್ಲ.